ಗೋಡೆಗೆ ತೂಗಿದ ಊರು

ಹೊರನಾಡ ಕನ್ನಡಿಗರ ಮನೆಯೊಳಗೆ ಕಾಲಿಟ್ಟರೆ ಇವರು ಯಾವ ಕಡೆಯವರು ಎಂದು ಕೇಳಬೇಕಾಗಿಲ್ಲ, ಗೋಡೆ ನೋಡಿದರೆ ಸಾಕು. ಕಿರೀಟ ಹೊತ್ತ ಯಕ್ಷಗಾನದ ಮುಖ ತೂಗುತ್ತಿದ್ದರೆ ಕರಾವಳಿ. ಅಂಬಾರಿಯ ಚಿತ್ರ, ಗಂಧದ ಕೆತ್ತನೆ ಇದ್ದರೆ ಮೈಸೂರು ಸೀಮೆ. ಕಪ್ಪು ಮೈಯ ಮೇಲೆ ಬೆಳ್ಳಿ ಗೆರೆಯ ಹೂದಾನಿ ಇದ್ದರೆ ಬೀದರದ ಕಡೆ. ನಮ್ಮ ಧಾರವಾಡ–ಬಾಗಲಕೋಟೆಯವರಾದರೆ ಸೋಫಾದ ಮೇಲೆ ಖಣದ ದಿಂಬು ಗ್ಯಾರಂಟಿ. ಮುಂಬೈ, ಪುಣೆಗಳಲ್ಲಿ ಇಂಥ ಗೋಡೆಗಳನ್ನು ಇಪ್ಪತ್ತೈದು ವರ್ಷದಿಂದ ನೋಡುತ್ತ ಬಂದಿದ್ದೇನೆ.

ಮನೆ ಅಲಂಕಾರದ ಬಗ್ಗೆ ವಿಮರ್ಶೆ ಬರೆಯುವ ರೂಢಿ ನಮ್ಮಲ್ಲಿಲ್ಲ. ಕಾದಂಬರಿಯನ್ನೋ ನಾಟಕವನ್ನೋ ಹರಿದು ಹಂಚಿ ನೋಡುವ ನಾವು ಮನೆಯ ವಿಷಯ ಬಂದಾಗ 'ಅವರವರ ರುಚಿ' ಎಂದು ಸುಮ್ಮನಾಗುತ್ತೇವೆ. ಊರಲ್ಲೇ ಇರುವವರ ಮಟ್ಟಿಗೆ ಅದು ಸರಿಯಿದ್ದೀತು. ಹೊರನಾಡಿನವನು ಮಾತ್ರ ಚೆಂದಕ್ಕೆಂದು ಒಂದು ಸಾಮಾನು ತಂದಿಡುವಾಗ, ತಾನು ಯಾರು ಎಂಬುದನ್ನೂ ಅದರ ಪಕ್ಕದಲ್ಲೇ ಇಡುತ್ತಾನೆ. ಅವನ ಮಕ್ಕಳು ಊರನ್ನು ಮೊದಲು ಕಾಣುವುದು ಆ ಗೋಡೆಯ ಮೇಲೆಯೇ. ಹಾಗಾಗಿ ಅಲ್ಲಿ ಏನು ತೂಗುತ್ತಿದೆ ಎಂಬುದನ್ನು ತುಸು ಗಟ್ಟಿಯಾಗಿಯೇ ಕೇಳಬೇಕಾಗುತ್ತದೆ.

ಮೊದಲು ಇಷ್ಟು ಗೋಡೆಯೇ ಇರಲಿಲ್ಲ ಎಂಬುದನ್ನು ನೆನಪಿಡೋಣ. ಮುಂಬೈಯ ವರಳಿ, ನಾಯಗಾಂವ್‌ಗಳ ಬಿ.ಡಿ.ಡಿ. ಚಾಳಿನ ಒಂದು ಖೋಲಿ ಎಂದರೆ 160 ಚದರ ಅಡಿ. ಅಡಿಗೆ, ಊಟ, ನಿದ್ದೆ, ಬಾಣಂತನ, ಊರಿಂದ ಬಂದ ನೆಂಟರು ಎಲ್ಲ ಅದರಲ್ಲೇ. ಇಂಥ ಖೋಲಿಗಳಲ್ಲಿ ಬಾಳಿದ ಹಿರಿಯರು ಅಲಂಕಾರ ಎಂಬ ಮಾತನ್ನೇ ಬಳಸಿದವರಲ್ಲ. ಆದರೂ ಅವರ ಕೈಯಲ್ಲಿ ಆದದ್ದು ಸಾಮಾನ್ಯ ಕೆಲಸವಲ್ಲ. ಊರಿಂದ ತಂದ ಟ್ರಂಕಿನ ಮೇಲೆ ಹಳೆ ಚಾದರ ಮಡಿಚಿ ಹಾಸಿದರೆ ಅದೇ ಸೋಫಾ. 'ಮಾಳಾ' ಎಂದು ಕರೆಯುವ ಅಟ್ಟಕ್ಕೆ ಹಳೆಯ ಇಳಕಲ್ ಸೀರೆಯ ಪರದೆ. ಅದರ ಕೆಂಪು ಸೆರಗು ಸರಿಯಾಗಿ ನಡುವೆ ಬರುವಂತೆ ಕಟ್ಟುತ್ತಿದ್ದರು. ಮರಾಠಿಯವರಿಂದ ಕಲಿತ 'ಮಾಂಡಣಿ', ಅಂದರೆ ಗೋಡೆಗೆ ಬಡಿದ ಪಾತ್ರೆಗಳ ಚೌಕಟ್ಟು. ಅದರಲ್ಲಿ ಎತ್ತರದ ಪ್ರಕಾರ ಜೋಡಿಸಿದ ಸ್ಟೀಲಿನ ತಾಟು, ಡಬ್ಬಿಗಳು ಬಲ್ಬಿನ ಬೆಳಕಿಗೆ ಹೊಳೆಯುತ್ತಿದ್ದವು. ನೀರು ಜಿನುಗಿ ಕಪ್ಪಾದ ಗೋಡೆಯ ಕಲೆಯ ಮೇಲೆ ಕ್ಯಾಲೆಂಡರು.

ಖೋಲಿಯೂ ಇಲ್ಲದವರಿದ್ದರು. ಉಡುಪಿ ಹೊಟೇಲಿನಲ್ಲಿ ಕೆಲಸ ಮಾಡಿ ಅಲ್ಲೇ ಮೇಜು ಸರಿಸಿ ಮಲಗುತ್ತಿದ್ದವರೊಬ್ಬರು ನನಗೆ ಹೇಳಿದ್ದರು: "ನಮ್ಮ ಮನೆ ಅಂದ್ರೆ ಟ್ರಂಕು ಮಾರಾಯ್ರೆ. ಮುಚ್ಚಳದ ಒಳಗೆ ಕಟೀಲಮ್ಮನ ಫೋಟೋ ಅಂಟಿಸಿದ್ದೆ. ರಾತ್ರಿ ಮುಚ್ಚಳ ತೆಗೆದ್ರೆ ದೇವರ ಕೋಣೆ, ಮುಚ್ಚಿದ್ರೆ ತಲೆದಿಂಬು." ಇದಕ್ಕಿಂತ ಅಗ್ಗದ, ಇದಕ್ಕಿಂತ ಜಾಣ ಗೃಹಾಲಂಕಾರವನ್ನು ನಾನು ಕಂಡಿಲ್ಲ. ಈ ಮನೆಗಳಲ್ಲಿ ಕೆಲಸವಿಲ್ಲದ ಒಂದು ವಸ್ತುವೂ ಇರಲಿಲ್ಲ. ಚೆಂದ ಎಂಬುದು ಕೆಲಸದ ಬೆನ್ನೇರಿ ಬರುತ್ತಿತ್ತು.

ಆಮೇಲೆ ಠಾಣೆ, ಡೊಂಬಿವಲಿ, ಮೀರಾ ರೋಡಿನ ಫ್ಲ್ಯಾಟುಗಳು ಬಂದವು. ಗೋಡೆ ಉದ್ದವಾಯಿತು, ಗಾಜಿನ ಬಾಗಿಲಿನ ಶೋಕೇಸು ಬಂತು. ಶೋಕೇಸು ಬಂದದ್ದೇ ತಡ, ಕೆಲಸವಿಲ್ಲದ ಸಾಮಾನುಗಳು ಸಾಲುಗಟ್ಟಿದವು. ಊರಿಗೆ ಹೋದವರು ಪ್ರತಿ ಸಲ ಒಂದು 'ಕರ್ನಾಟಕ' ಕೊಂಡು ತಂದರು.

ಅದರಲ್ಲಿ ನನ್ನ ತಕರಾರು ಹೆಚ್ಚಾಗಿ ಇರುವುದು ಯಕ್ಷಗಾನದ 'ಮುಖವಾಡ'ದ ಬಗ್ಗೆ. ಕರಾವಳಿಯ ಓದುಗರಿಗೆ ಇದನ್ನು ಹೇಳಬೇಕಾಗಿಲ್ಲ: ಯಕ್ಷಗಾನದ ವೇಷಧಾರಿ ಸಾಮಾನ್ಯವಾಗಿ ಮುಖವಾಡ ಹಾಕುವುದಿಲ್ಲ. ಚೌಕಿಯಲ್ಲಿ ಕನ್ನಡಿ ಹಿಡಿದು ಕೂತು ತನ್ನ ಮುಖಕ್ಕೆ ತಾನೇ ಬಣ್ಣ ಬರೆಯುತ್ತಾನೆ. ಆ ಬಣ್ಣದ ಕೆಳಗೆ ಮುಖ ಕುಣಿಯುತ್ತದೆ, ಹುಬ್ಬು ಹಾರುತ್ತದೆ, ಬೆವರು ಇಳಿಯುತ್ತದೆ. ಅದನ್ನೆಲ್ಲ ತೆಗೆದು ನಾರಿನಲ್ಲೋ ಮಣ್ಣಿನಲ್ಲೋ ಎರಕ ಹೊಯ್ದು ಮೊಳೆಗೆ ಸಿಕ್ಕಿಸಿದರೆ ಉಳಿಯುವುದೇನು? ಠಾಣೆಯ ಒಂದು ಮನೆಯಲ್ಲಿ ಹತ್ತು ವರ್ಷದ ಹುಡುಗನನ್ನು ಕೇಳಿದೆ, "ಇದೇನಪ್ಪ?" ಅವನೆಂದ, "ಅಂಕಲ್, ಅದು ನಮ್ಮ ನೇಟಿವ್‌ದು ಮಾಸ್ಕು." ಅವನಿಗೆ ಆಟ ಗೊತ್ತಿಲ್ಲ, ಮಾಸ್ಕು ಗೊತ್ತು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬೈಗೇ ಬಂದು ಸಭಾಗೃಹಗಳಲ್ಲಿ ಆಟ ಆಡುತ್ತಾರೆ. ಆ ಮನೆಯವರು ಒಂದಕ್ಕೂ ಹೋಗಿರಲಿಲ್ಲ. ಗೋಡೆಯ ಮೇಲೆ ಇದೆಯಲ್ಲ!

ಅಲಂಕಾರವೇ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಅಗ್ಗದಲ್ಲಿ, ವಿಚಿತ್ರವಾಗಿ, ಪಕ್ಕದ ಮನೆಯಲ್ಲಿ ಇಲ್ಲದಂತೆ ಮನೆ ಸಿಂಗರಿಸಬೇಕೆಂಬ ಆಸೆಗೆ ಈ ಮಹಾನಗರಗಳಷ್ಟು ಒದಗಿಬರುವ ಜಾಗ ಬೇರೆ ಇಲ್ಲ. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆ ಗಡಿಯಾರ, ಹಡಗಿನ ಕಂದೀಲು, ಎನಾಮೆಲ್ ಬೋರ್ಡು, ಸಿನಿಮಾ ಪೋಸ್ಟರು ಎಲ್ಲ ಸಿಗುತ್ತವೆ. ಶುಕ್ರವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಬೆಳಗಿನ ಜಾವಕ್ಕೇ ರಸ್ತೆಯ ಮೇಲೆ ಗುಜರಿ ಸಂತೆ ನೆರೆಯುತ್ತದೆ. ಮೇಜು ಕುರ್ಚಿಗಳಿಗಾದರೆ ಜೋಗೇಶ್ವರಿಯ ಓಶಿವರಾ. ಪುಣೆಯಲ್ಲಿ ಬುಧವಾರ, ಭಾನುವಾರದ ಜೂನಾ ಬಜಾರ್. ದಿಲ್ಲಿಯಲ್ಲಿ ಲಾಜಪತ್ ನಗರದ ಹತ್ತಿರದ ಅಮರ್ ಕಾಲೊನಿ.

ಇಲ್ಲಿ ಕೊಳ್ಳುವವರಿಗೆ ನನ್ನ ಸಲಹೆ ಒಂದೇ. 'ಆ್ಯಂಟಿಕ್ ಹೈ ಸಾಬ್' ಎಂಬ ಮಾತಿಗೆ ದುಡ್ಡು ಕೊಡಬೇಡಿ, ಸಾಮಾನಿಗೆ ಕೊಡಿ. ಎಷ್ಟೋ ಗ್ರಾಮಫೋನುಗಳು ಹೊಸ ಹಿತ್ತಾಳೆ ಕಹಳೆ ಜೋಡಿಸಿ ಮೊನ್ನೆ ತಯಾರಾದವು, ಎಷ್ಟೋ ಪೋಸ್ಟರುಗಳು ಮರುಮುದ್ರಣಗಳು. ಹೊಸದರ ಬೆಲೆಯನ್ನೇ ಕೊಟ್ಟಿದ್ದರೆ ಹೊಸದನ್ನು ತಂದದ್ದರಲ್ಲಿ ನಷ್ಟವಿಲ್ಲ. ಬೆತ್ತ ಹರಿದ ಬೀಟೆಯ ಕುರ್ಚಿ, ಬಾಯಿ ಸ್ವಲ್ಪ ಒಡೆದ ಉಪ್ಪಿನಕಾಯಿ ಭರಣಿ, ಬಣ್ಣ ಹೋದ ಎನಾಮೆಲ್ ಬಟ್ಟಲು ಇವೆಲ್ಲ ಒಳ್ಳೆಯ ವ್ಯಾಪಾರ. ಕುರ್ಚಿಗೆ ಬೆತ್ತ ಹೆಣೆಸಿದರೆ ಇನ್ನೊಂದು ತಲೆಮಾರು ಕೂರಬಹುದು.

ಆದರೆ ಇದೇ ಬಗೆಯ ಬಜಾರುಗಳಿಗೆ ದಕ್ಷಿಣದಿಂದ ಮರದ ಕಂಬಗಳೂ ಬರುತ್ತವೆ. ಊರಲ್ಲಿ ತೊಟ್ಟಿ ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ಕಂಬ, ಬಾಗಿಲು, ಬೋದಿಗೆಗಳು ಗುಜರಿಯವನ ಲಾರಿ ಹತ್ತುತ್ತವೆ. ಅಂಥದೊಂದು ಕಂಬ ಮುಂಬೈಯ ಒಬ್ಬ ಕನ್ನಡಿಗರ ಹಾಲಿನಲ್ಲಿ ನಿಂತಿತ್ತು. ಚಾವಣಿಗೆ ಎತ್ತರ ಹೆಚ್ಚಾಯಿತೆಂದು ಬುಡದಲ್ಲಿ ಅರ್ಧ ಅಡಿ ಕತ್ತರಿಸಿದ್ದರು. ಮೇಲೆ ಏನನ್ನೂ ಹೊರದ ಕಂಬ, ಅದಕ್ಕೆ ಸುತ್ತಿದ ಮನಿಪ್ಲಾಂಟ್ ಬಳ್ಳಿ. ನೋಡುವಾಗ ಮಣಿಪಾಲದ ವಿಜಯನಾಥ ಶೆಣೈ ಅವರ ನೆನಪಾಯಿತು. ಅವರೂ ಕೆಡವಿದ ಮನೆಗಳ ಮರಮುಟ್ಟು ಕೂಡಿಸಿದವರೇ, ಬ್ಯಾಂಕಿನ ನೌಕರಿಯಲ್ಲಿದ್ದವರೇ. ಆದರೆ ಅವರು ಕಂಬವನ್ನು ಕಂಬವಾಗಿ ನಿಲ್ಲಿಸಿ 'ಹಸ್ತಶಿಲ್ಪ' ಎಂಬ ವಾಸದ ಮನೆ ಕಟ್ಟಿದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದರು. 2017ರಲ್ಲಿ ಅವರು ತೀರಿಕೊಂಡರು, ಆ ಮನೆಗಳ ಕಂಬಗಳು ಇಂದಿಗೂ ಮಾಡು ಹೊತ್ತು ನಿಂತಿವೆ. ಎಲ್ಲರೂ ಶೆಣೈಯವರಾಗಲು ಸಾಧ್ಯವಿಲ್ಲ, ಸರಿ. ಕಂಬವನ್ನು ಬುಡ ಕತ್ತರಿಸಿ ಹೂಕುಂಡ ಮಾಡದೆ ಇರಲು ಸಾಧ್ಯ.

ಈಗ ನಮ್ಮ ಕಡೆಯ ಖಣದ ಮಾತು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಈ ಕುಪ್ಪಸದ ಬಟ್ಟೆಗೆ ಮೊದಲಿನಿಂದಲೂ ದೊಡ್ಡ ಗಿರಾಕಿ ಮಹಾರಾಷ್ಟ್ರ. ಖಣದ ಕುಪ್ಪಸ ತೊಡುವವರು ಕಡಿಮೆಯಾದ ಮೇಲೆ ಬಟ್ಟೆಯ ಗತಿ ಏನು ಎನ್ನುವಾಗ ಅದಕ್ಕೆ ಹೊಸ ಕೆಲಸ ಸಿಕ್ಕಿತು. ಈಗ ಪುಣೆಯ ತುಳಶಿಬಾಗ್, ಮುಂಬೈಯ ದಾದರ್‌ಗಳಲ್ಲಿ ಖಣದ ದಿಂಬಿನ ಚೀಲ, ತೋರಣ, ಆಕಾಶಬುಟ್ಟಿ, ಡೈರಿಯ ಹೊದಿಕೆ ಎಲ್ಲ ಸಿಗುತ್ತವೆ. ನೋಡಲು ಚೆಂದ, ಬೆಲೆಯೂ ಕೈಗೆಟಕುವಂಥದು. ಒಬ್ಬ ಅಂಗಡಿಯವರನ್ನು ಇದು ಎಲ್ಲಿಯದೆಂದು ಕೇಳಿದೆ. 'ಆಪಲ್ಯಾ ಮಹಾರಾಷ್ಟ್ರಾಚಂ ಪಾರಂಪರಿಕ್' ಎಂದರು, ನಮ್ಮ ಮಹಾರಾಷ್ಟ್ರದ ಪಾರಂಪರಿಕ ಬಟ್ಟೆ ಅಂತ.

ಜಗಳಕ್ಕೆ ನಿಲ್ಲಬಹುದಿತ್ತು. ಆದರೆ ಯೋಚಿಸಿ ನೋಡಿ: ತಲೆಮಾರುಗಳಿಂದ ಉಟ್ಟು ತೊಟ್ಟು ಆ ಮಗ್ಗಗಳನ್ನು ಬದುಕಿಸಿದವರಲ್ಲಿ ಮರಾಠಿ ಹೆಣ್ಣುಮಕ್ಕಳ ಪಾಲು ದೊಡ್ಡದು. ಅವರದೂ ಹೌದು ಅದು. ನನ್ನ ದೂರು ಬೇರೆ. ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ ಎಂದು ಹೆಸರಿದ್ದ ಬುಟ್ಟಿಗಳು ಈಗ ಬರೀ 'ಡಿಸೈನ್' ಆಗಿವೆ. ಕುಣಿಮಗ್ಗದಲ್ಲಿ ಕೂತು ನೇಯ್ದದ್ದು, ಯಂತ್ರದ ಮಗ್ಗದಲ್ಲಿ ಬಂದದ್ದು, ಪಾಲಿಯೆಸ್ಟರಿನ ಮೇಲೆ ಅಚ್ಚು ಹೊಡೆದದ್ದು ಮೂರೂ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಕಡೆಯದನ್ನು ಗುರುತಿಸುವುದು ಸುಲಭ. ಬಟ್ಟೆ ಮಗುಚಿ ಹಿಂಬದಿ ನೋಡಿ: ನೇಯ್ದದ್ದಾದರೆ ಬುಟ್ಟಿಯ ನೂಲು ಕಾಣುತ್ತದೆ, ಅಚ್ಚಿನದಾದರೆ ಬರೀ ಮಸುಕು ಬಣ್ಣ. ಆದರೆ ಮಗುಚಿ ನೋಡುವ ಕನ್ನಡಿಗರು ಎಷ್ಟು ಮಂದಿ? 'ಅಗ್ಗ ಸಿಕ್ತು' ಎಂದು ಹಿಗ್ಗುವಾಗ ಆ ಅಗ್ಗ ಯಾರ ಕೂಲಿಯಿಂದ ಕಡಿತವಾಗಿ ಬಂತು ಎಂದು ಕೇಳುವವರು? ಊರಿನ ನೆನಪಿಗೆಂದು ಕೊಂಡ ದಿಂಬು ಊರಿನ ನೇಕಾರನಿಗೆ ಒಂದು ಪೈಸೆ ಮುಟ್ಟಿಸದಿದ್ದರೆ ಆ ನೆನಪು ಯಾವ ಬಗೆಯದು?

ಪುಣೆಯಲ್ಲಿರುವ ನನ್ನ ಸೋದರತ್ತೆ ಇದಕ್ಕೆ ಇನ್ನೊಂದು ತಕರಾರು ಸೇರಿಸಿದ್ದಾರೆ. ಸೊಸೆ ಖಣದ ದಿಂಬುಗಳನ್ನು ತಂದು ದಿವಾನಿನ ಮೇಲೆ ಜೋಡಿಸಿದ ದಿನ ಅವರೆಂದರಂತೆ: "ಉಡಿ ತುಂಬೂ ಖಣದ ಮ್ಯಾಲ ಕುಂಡ್ರತೀಯೇನವಾ? ಬಾಗಲಕ ತೋರಣಾ ಮಾಡು, ಗ್ವಾಡಿಗೆ ಹಚ್ಚು, ಬುಡಕ ಮಾತ್ರ ಹಾಕ್ಕೋಬ್ಯಾಡ." ಇದನ್ನು ಹಳೆಯ ಕಾಲದವರ ಮಡಿ ಎಂದು ತಳ್ಳಿಹಾಕುವಂತಿಲ್ಲ. ಯಾವುದು ತಲೆಯ ಎತ್ತರಕ್ಕಿರಬೇಕು, ಯಾವುದು ಕಾಲ ಬಳಿ ಇರಬೇಕು ಎಂಬ ಲೆಕ್ಕ ಅವರಲ್ಲಿದೆ. ಆ ವಸ್ತು ಊರಲ್ಲಿ ಏನು ಮಾಡುತ್ತಿತ್ತು ಎಂಬುದು ಗೊತ್ತಿದ್ದವರಿಗೆ ಮಾತ್ರ ಬರುವ ಲೆಕ್ಕ ಅದು. ದುಡ್ಡು ತಗೊಂಡು ಮನೆ ಸಿಂಗರಿಸಿಕೊಡುವವರು ಇದನ್ನು ಹೇಳಲಾರರು. ಸೊಸೆ ಈಗ ಅವುಗಳಲ್ಲಿ ನಾಲ್ಕನ್ನು ಬಿಚ್ಚಿ ತೋರಣ ಹೊಲಿದಿದ್ದಾಳೆ. ಮೊದಲಿಗಿಂತ ಚೆಂದವಾಗಿದೆ.

ಖಣಕ್ಕಾದರೂ ಹಾಲಿನಲ್ಲಿ ಜಾಗ ಸಿಕ್ಕಿದೆ, ಕೌದಿಗೆ ಅದೂ ಇಲ್ಲ. ಹಳೆ ಸೀರೆ, ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲು ಓಟುಹೊಲಿಗೆ ಹಾಕಿ ಮಾಡುವ ಕೌದಿ ಉತ್ತರ ಕರ್ನಾಟಕದ ಮನೆಮನೆಯ ಸಾಮಾನು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಹೊಲಿದು ಬರುತ್ತಾರೆ, ಮೂಲೆಗಳಿಗೆ 'ಫೂಲ' ಎಂದು ಬಟ್ಟೆಯ ಹೂ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆಯೆಂದು ಅವರ ಲೆಕ್ಕ. ಅವರ ಕೌದಿಗಳು ಅಮೆರಿಕದ ಸಂಗ್ರಹಾಲಯಗಳಲ್ಲೂ ಪ್ರದರ್ಶನಗೊಂಡಿವೆ. ಇತ್ತ ನಮ್ಮ ಫ್ಲ್ಯಾಟುಗಳಲ್ಲಿ ಅವ್ವ ಹೊಲಿದುಕೊಟ್ಟ ಕೌದಿ ಮಂಚದ ಪೆಟ್ಟಿಗೆಯೊಳಗೆ ಮುದುಡಿ ಬಿದ್ದಿರುತ್ತದೆ. ಮೇಲೆ ಹಾಸಿರುವುದು ಮಾಲಿನಿಂದ ತಂದ, ಕೌದಿಯ ಹಾಗೆಯೇ ಕಾಣಲೆಂದು ಕಾರ್ಖಾನೆಯಲ್ಲಿ ಮಾಡಿದ ತೇಪೆಯ ಹೊದಿಕೆ! ಅವ್ವನ ಕೌದಿ ಬಡತನದ ಗುರುತು, ಮಾಲಿನದು ಒಳ್ಳೆಯ ಅಭಿರುಚಿ. ಅದನ್ನು ಹೊರಗೆ ತೆಗೆದು ಹಾಸಲು ದುಡ್ಡು ಬೇಡ, ನಾಚಿಕೆ ಬಿಟ್ಟರೆ ಸಾಕು.

ಎಲ್ಲ ಹೀಗೆಯೇ ಎಂದರೆ ಅನ್ಯಾಯವಾದೀತು. ಚನ್ನಪಟ್ಟಣದವರು ದಾರಿ ತೋರಿಸಿದ್ದಾರೆ. ಹಾಲೆ ಮರವನ್ನು ತಿರುಗಣಿಗೆ ಹಾಕಿ, ಅರಗಿನ ಬಣ್ಣ ಹಿಡಿಸಿ, ಗರಿಯಿಂದ ಉಜ್ಜಿ ಹೊಳಪು ಕೊಡುವ ಅದೇ ಕೈಗಳು ಈಗ ಬೊಂಬೆಯ ಜೊತೆಗೆ ಕಪಾಟಿನ ಹಿಡಿ, ಪರದೆಯ ಬಳೆ, ದೀಪದ ಬುಡಗಳನ್ನೂ ಮಾಡುತ್ತಿವೆ. ಹೈದರಾಬಾದಿನ ಗೆಳೆಯರೊಬ್ಬರು ಬಾಡಿಗೆ ಮನೆಯ ಬಣ್ಣಗೆಟ್ಟ ಕಪಾಟಿನ ಹಿಡಿಗಳನ್ನು ತೆಗೆದು ಇವನ್ನು ಕೂರಿಸಿದ್ದಾರೆ. ಮನೆ ಬದಲಿಸುವಾಗ ಹಳೆಯ ಹಿಡಿಗಳನ್ನು ಮತ್ತೆ ಹಾಕಿ ಇವನ್ನು ಬಿಚ್ಚಿಕೊಂಡು ಹೋಗುತ್ತಾರಂತೆ. ಅವರ ಮಗಳು ದಿನಕ್ಕೆ ಹತ್ತು ಸಲ ಚನ್ನಪಟ್ಟಣವನ್ನು ಕೈಯಲ್ಲಿ ಹಿಡಿದು ಎಳೆಯುತ್ತಾಳೆ. ಶೋಕೇಸಿನ ಗಾಜಿನ ಹಿಂದಿರುವ ಬೊಂಬೆಗೆ ಈ ಭಾಗ್ಯವಿಲ್ಲ.

ಊರಲ್ಲೇ ಇದ್ದು ಇದನ್ನು ಓದುತ್ತಿರುವವರು 'ಪಾಪ, ಹೊರನಾಡಿನವರ ಪಾಡು' ಎಂದುಕೊಳ್ಳುತ್ತಿದ್ದರೆ ಒಂದು ಮಾತು. ಐಕಿಯಾ ಅಂಗಡಿ 2018ರಲ್ಲಿ ಹೈದರಾಬಾದಿಗೆ, 2020ರಲ್ಲಿ ನವಿ ಮುಂಬೈಗೆ, 2022ರಲ್ಲಿ ಬೆಂಗಳೂರಿಗೆ ಬಂತು. ಮೂರೂ ಕಡೆಯ ಮನೆಗಳಲ್ಲಿ ಈಗ ಅದೇ ದೀಪ, ಅದೇ ಕಪಾಟು, ಮೂಲೆಯಲ್ಲಿ ಅದೇ 'ಎಥ್ನಿಕ್ ಕಾರ್ನರ್'. ಬೆಂಗಳೂರಿನ ಫ್ಲ್ಯಾಟಿನ ಗೋಡೆಯ ಮೇಲೂ ಅದೇ ಯಕ್ಷಗಾನದ ಮುಖವಾಡ ಕಂಡಿದ್ದೇನೆ. ಕೆಡವಿದ ತೊಟ್ಟಿ ಮನೆಗಳ ಕಂಬ ಲಾರಿ ಹತ್ತುವುದು ನಿಮ್ಮ ಊರಿಂದಲೇ ಅಲ್ಲವೇ? ಕೌದಿಯನ್ನು ಅಟ್ಟಕ್ಕೆ ಹಾಕಿದವರಲ್ಲಿ ನಿಮ್ಮವರೂ ಇದ್ದಾರೆ.

ಆದ್ದರಿಂದ ಮುಂಬೈಗೋ ಪುಣೆಗೋ ನೆಂಟರ ಮನೆಗೆ ಬರುವಾಗ ಏನಾದರೂ ತರಬೇಕೆನಿಸಿದರೆ ಗೋಡೆಗೆ ತೂಗುವಂಥದು ತರಬೇಡಿ. ಒಂದು ಕೌದಿ ತನ್ನಿ, ನೇಯ್ದವರ ಹತ್ತಿರವೇ ಕೊಂಡ ಎರಡು ಖಣ ತನ್ನಿ, ರೊಟ್ಟಿ ಇಡಲು ಒಂದು ಬುಟ್ಟಿ ತನ್ನಿ. ತಂದದ್ದು ಎಲ್ಲಿಯದು, ಮಾಡಿದವರು ಯಾರು, ಊರಲ್ಲಿ ಅದರಿಂದ ಏನು ಮಾಡುತ್ತಾರೆ ಎಂದು ಆ ಮನೆಯ ಮಕ್ಕಳಿಗೆ ಹೇಳಿ. ಅವರು ಅದನ್ನು ಎಲ್ಲಿಡಬೇಕೋ ಅವರೇ ಹುಡುಕಿಕೊಳ್ಳುತ್ತಾರೆ.