ಬೊಂಬೆ ಸೈನ್ಯದ ಪುಸ್ತಕಗಳು: ಕೊಳ್ಳಬೇಕಾದುದು ಯಾವುದು?

ಚದುರಂಗದ ಮಣೆಯ ಮೇಲೆ ಎರಡೂ ಕಡೆ ಹದಿನಾರು ಕಾಯಿಗಳು. ಬಿಳಿಯ ಆನೆಗಿರುವ ಬಲವೇ ಕರಿಯ ಆನೆಗೂ ಇದೆ. ಆದ್ದರಿಂದ ಚದುರಂಗ ಆಡುವವನಿಗೆ ಸೈನ್ಯದ ಲೆಕ್ಕ ಹೇಳುವ ಬೇರೊಂದು ಪುಸ್ತಕ ಬೇಕಾಗುವುದಿಲ್ಲ. ಚರಿತ್ರೆಯ ಯುದ್ಧಗಳು ಹೀಗೆ ಸಮತೂಕದಲ್ಲಿ ನಡೆದಿಲ್ಲ. 1187ರ ಜುಲೈ 4ರಂದು ಹಿತ್ತೀನ್‌ನಲ್ಲಿ ಒಂದು ಕಡೆ ಕಬ್ಬಿಣದ ಬಳೆಗಳ ಕವಚ ತೊಟ್ಟ ಸುಮಾರು 1200 ನೈಟ್‌ಗಳು ಮತ್ತು ಅವರ ಹಿಂದೆ ದೊಡ್ಡ ಕಾಲಾಳು ಪಡೆ ಇತ್ತು. ಇನ್ನೊಂದು ಕಡೆ ಓಡುವ ಕುದುರೆಯ ಮೇಲಿಂದಲೇ ಬಾಣ ಬಿಡಬಲ್ಲ ಸವಾರರಿದ್ದರು. ಇಂಥ ಯುದ್ಧವನ್ನು ಮೇಜಿನ ಮೇಲೆ ಆಡಬೇಕೆಂದರೆ ಯಾರ ಬಳಿ ಎಷ್ಟು ಜನ, ಯಾವ ಆಯುಧ, ಎಂಥ ಪಳಗುವಿಕೆ ಎಂಬುದನ್ನು ಯಾರಾದರೂ ಹೇಳಿಕೊಡಬೇಕು. ಹಾಗೆ ಹೇಳಿಕೊಡುವುದೇ ಸೇನಾಪಟ್ಟಿಯ ಪುಸ್ತಕ.

ಈ ಆಟ ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ. ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳಲ್ಲಿ ಇದಕ್ಕೆ ದೊಡ್ಡ ಬಳಗವೇ ಇದೆ. 15 ಅಥವಾ 28 ಮಿಲಿಮೀಟರ್ ಎತ್ತರದ ಲೋಹದ ಇಲ್ಲವೆ ಪ್ಲಾಸ್ಟಿಕ್ಕಿನ ಬೊಂಬೆ ಸೈನಿಕರಿಗೆ ಕೈಯಾರೆ ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ತೋಪು, ಹಳ್ಳಿಗಳನ್ನು ಮಾಡಿ, ಅಳತೆಪಟ್ಟಿ ಹಿಡಿದು ಪಡೆಗಳನ್ನು ನಡೆಸುತ್ತಾರೆ. ಸೋಲು ಗೆಲುವನ್ನು ದಾಳ ನಿರ್ಧರಿಸುತ್ತದೆ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್ವಿಟ್ಜ್ ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ಅಧಿಕಾರಿಗಳ ತರಬೇತಿಗೆ ಒದಗುವಂತೆ ರೂಪಿಸಿದ. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಬರೆದು ಅದನ್ನು ಮನೆಯ ನೆಲಕ್ಕೆ ತಂದ. ಬೊಂಬೆಗಳ ಯುದ್ಧವೇ ಸಾಕು, ನಿಜವಾದ ಯುದ್ಧ ಬೇಡ ಎಂಬುದು ಅವನ ಆಶಯವಾಗಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ಇಂದು ಈ ಆಟದ ಪ್ರಕಾಶಕರು ಮೊದಲು ನಿಯಮಗಳ ಪುಸ್ತಕ ಮಾರುತ್ತಾರೆ. ಅದರ ಬೆನ್ನಿಗೇ ಕಾಲ, ದೇಶ, ಯುದ್ಧಗಳಿಗೆ ಒಂದೊಂದರಂತೆ ಪೂರಕ ಪುಸ್ತಕಗಳು ಬರುತ್ತವೆ. 2008ರಲ್ಲಿ ಬಂದ ‘ಫೀಲ್ಡ್ ಆಫ್ ಗ್ಲೋರಿ’ ಎಂಬ ಪ್ರಾಚೀನ-ಮಧ್ಯಯುಗದ ಆಟಕ್ಕೆ ಹತ್ತಕ್ಕೂ ಹೆಚ್ಚು ಪೂರಕ ಸಂಪುಟಗಳು ಬಂದವು. ಇವನ್ನೆಲ್ಲ ಕೊಳ್ಳಬೇಕೇ? ದುಡ್ಡಿನ ದೃಷ್ಟಿಯಿಂದ ಇದು ಆಟಗಾರನ ಪ್ರಶ್ನೆ. ಆದರೆ ಕ್ರುಸೇಡ್ ಯುದ್ಧಗಳ ಪುಸ್ತಕವನ್ನು ತೆರೆದಾಗ ಅದು ನಮ್ಮ ಪ್ರಶ್ನೆಯೂ ಆಗುತ್ತದೆ. ಬೊಂಬೆಯ ಬುಡಕ್ಕೆ ಯಾವ ಹೆಸರಿನ ಚೀಟಿ ಅಂಟಿಸುತ್ತಾರೋ ಆ ಹೆಸರೇ ಆಡುವವನ ತಲೆಯಲ್ಲಿ ಉಳಿಯುತ್ತದೆ.

ಪಟ್ಟಿಯ ಉಪಕಾರ

ಸೇನಾಪಟ್ಟಿಯ ಕೆಲಸ ಸರಳ. ಪ್ರತಿಯೊಂದು ತುಕಡಿಗೆ ಇಷ್ಟು ಅಂಕ ಎಂದು ಬೆಲೆ ಕಟ್ಟಲಾಗುತ್ತದೆ. ಇಂಥ ಸೈನಿಕರು ಕನಿಷ್ಠ ಇಷ್ಟು ಇರಲೇಬೇಕು, ಇಂಥವರು ಗರಿಷ್ಠ ಇಷ್ಟನ್ನು ಮೀರುವಂತಿಲ್ಲ ಎಂಬ ಕಟ್ಟಳೆ ಇರುತ್ತದೆ. ಇಬ್ಬರು ಆಟಗಾರರು ಒಂದೇ ಮೊತ್ತದ ಅಂಕಗಳಿಗೆ ತಮ್ಮ ತಮ್ಮ ಸೈನ್ಯ ಕಟ್ಟಿಕೊಂಡು ಎದುರಾಗುತ್ತಾರೆ.

ಒಳ್ಳೆಯ ಪಟ್ಟಿ ತಪ್ಪು ಕಲ್ಪನೆಗೆ ಕಡಿವಾಣ ಹಾಕುತ್ತದೆ. ಕ್ರುಸೇಡರ್ ಸೈನ್ಯವೆಂದರೆ ಬರೀ ನೈಟ್‌ಗಳೆಂದು ತಿಳಿದವನು ‘ಟರ್ಕೊಪೋಲ್’ ಎಂಬ ತುಕಡಿಯನ್ನು ಕಂಡು ನಿಲ್ಲುತ್ತಾನೆ. ಇವರು ಆ ನೆಲದಲ್ಲೇ ಸೇರಿಸಿಕೊಂಡ ಹಗುರ ಸವಾರರು. ಅವರಲ್ಲಿ ಪೂರ್ವದ ಕ್ರೈಸ್ತರೂ ಇದ್ದರು, ಮತಾಂತರಗೊಂಡ ತುರ್ಕರೂ ಇದ್ದರು. ಇನ್ನು ಕೈರೋದ ಫಾತಿಮಿ ಖಲೀಫರ ಸೈನ್ಯವನ್ನು ನೋಡಿದರೆ ಸುಡಾನಿನ ಕಪ್ಪು ಬಿಲ್ಲಾಳುಗಳು, ಬರ್ಬರರು, ತುರ್ಕರು, ಆರ್ಮೇನಿಯನ್ನರು ಒಟ್ಟಿಗೇ ಸಿಗುತ್ತಾರೆ. ಆ ಆಡಳಿತದ ಪ್ರಬಲ ವಜೀರ ಬದ್ರ್ ಅಲ್ ಜಮಾಲಿ ಆರ್ಮೇನಿಯನ್ ಮೂಲದವನು. 1171ರಲ್ಲಿ ಫಾತಿಮಿ ಖಿಲಾಫತ್ತನ್ನು ಕೊನೆಗಾಣಿಸಿದ ಸಲಾಹುದ್ದೀನ್ ಅಯ್ಯೂಬಿ ಕುರ್ದ್ ಜನಾಂಗದವನು. ಅವನ ಸೈನ್ಯದ ತಿರುಳು ತುರ್ಕರು ಮತ್ತು ಕುರ್ದರು. ಮ್ಯಾಂಚೆಸ್ಟರಿನ ಒಬ್ಬ ಹುಡುಗ ಬೊಂಬೆಗೆ ಬಣ್ಣ ಹಚ್ಚುವ ನೆಪದಲ್ಲಿ ಇಷ್ಟನ್ನು ತಿಳಿದುಕೊಂಡರೆ ಆ ಪುಸ್ತಕಕ್ಕೆ ಕೊಟ್ಟ ಹಣ ವ್ಯರ್ಥವಾಯಿತೆಂದು ನಾವು ಹೇಳಲಾರೆವು.

ಹೆಸರಿನ ಗೋಜಲು

ಆದರೆ ಇದೇ ಪುಸ್ತಕಗಳ ತಲೆಬರಹ ನೋಡಿ. ‘ಫೀಲ್ಡ್ ಆಫ್ ಗ್ಲೋರಿ’ಯ ಕ್ರುಸೇಡ್ ಸಂಪುಟದ ಹೆಸರು ‘ಸ್ವೋರ್ಡ್ಸ್ ಅಂಡ್ ಸಿಮಿಟರ್ಸ್’. ಅಂದರೆ ಒಂದು ಕಡೆಯವರದು ಕತ್ತಿ, ಇನ್ನೊಂದು ಕಡೆಯವರದು ಬಾಗಿದ ಕತ್ತಿ. ಸಲಾಹುದ್ದೀನನ ಕಾಲದಲ್ಲಿ ಸಿರಿಯಾ, ಈಜಿಪ್ಟಿನ ಸೈನಿಕರ ಸೊಂಟದಲ್ಲಿದ್ದುದು ಬಹುಪಾಲು ನೇರ ಅಲಗಿನ ಕತ್ತಿಯೇ. ಬಾಗಿದ ಕತ್ತಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳ ಸವಾರರಿಂದ ಬಂದದ್ದು. ಅದು ಪಶ್ಚಿಮ ಏಷ್ಯಾದಲ್ಲಿ ವ್ಯಾಪಕವಾದದ್ದು ಆಮೇಲೆ. ಸಿನಿಮಾ ಮತ್ತು ಚಿತ್ರಕಥೆಗಳು ಮೂಡಿಸಿದ ಬಾಗುಕತ್ತಿಯ ಮುಸ್ಲಿಮನೇ ಇಲ್ಲಿ ಹೊದಿಕೆಯ ಮೇಲೆ ಬಂದು ಕುಳಿತಿದ್ದಾನೆ. ಒಳಗೆ ಅಯ್ಯೂಬಿಗಳಿಗೆ, ಮಮ್ಲೂಕರಿಗೆ ಬೇರೆ ಬೇರೆ ಪಟ್ಟಿ ಕೊಟ್ಟ ಪುಸ್ತಕಕ್ಕೆ ಇಂಥ ತಲೆಬರಹ ಬೇಕಿರಲಿಲ್ಲ.

2014ರಲ್ಲಿ ಬಂದ ‘ಸಾಗಾ’ ಆಟದ ಪೂರಕ ಪುಸ್ತಕ ‘ದಿ ಕ್ರೆಸೆಂಟ್ ಅಂಡ್ ದಿ ಕ್ರಾಸ್’ ಇನ್ನೂ ಕುತೂಹಲದ್ದು. ಅದರಲ್ಲಿ ಸ್ವಯಂಪ್ರೇರಿತರಾಗಿ ಯುದ್ಧಕ್ಕೆ ಬಂದವರ ಪಡೆಗೆ ‘ಮುತತವ್ವಿಆ’ ಎಂಬ ಅರಬಿ ಹೆಸರನ್ನೇ ಇಟ್ಟಿದ್ದಾರೆ. ಯಾರೋ ಓದಿಕೊಂಡೇ ಇಟ್ಟ ಹೆಸರು ಅದು. ಆದರೆ ಸಂಬಳದ ಸೈನಿಕರ ಪಡೆ ಅಲ್ಲಿ ‘ಸಾರಸೆನ್’ ಆಗಿಯೇ ಉಳಿದಿದೆ. ಸಾರಸೆನ್ ಎಂಬುದು ಗ್ರೀಕರು ಮತ್ತು ಲ್ಯಾಟಿನ್ ಜನ ಮೊದಲು ಅರಬರಿಗೆ, ನಂತರ ಎಲ್ಲ ಮುಸ್ಲಿಮರಿಗೆ ಇಟ್ಟ ಹೆಸರು. ತಮ್ಮನ್ನು ಹಾಗೆ ಕರೆದುಕೊಂಡ ಸೈನ್ಯ ಯಾವುದೂ ಇಲ್ಲ. ಅಂಗಡಿಯಲ್ಲಿ ಬೊಂಬೆ ಮಾರಾಟವಾಗಲು ಪರಿಚಿತ ಹೆಸರು ಬೇಕೆಂಬ ವಾದವಿದೆ, ಅದು ನಮಗೆ ಅರ್ಥವಾಗುತ್ತದೆ. ಆದರೆ ದುಡ್ಡು ಕೊಟ್ಟು ಪೂರಕ ಪುಸ್ತಕ ಕೊಳ್ಳುವುದು ಪರಿಚಿತವಾದುದಕ್ಕಿಂತ ಹೆಚ್ಚಿನದನ್ನು ತಿಳಿಯುವ ಆಸೆಯಿಂದ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದುದು. ಚಂದ್ರ ಒಂದು ಕಡೆ, ಶಿಲುಬೆ ಇನ್ನೊಂದು ಕಡೆ ಎಂದು ಮೇಜನ್ನು ಭಾಗ ಮಾಡಿದ ಮೇಲೆ 1244ರ ಹರ್ಬಿಯ್ಯಾ ಯುದ್ಧವನ್ನು ಆಡುವುದು ಹೇಗೆ? ಅಂದು ಜೆರುಸಲೇಮ್ ರಾಜ್ಯದ ಕ್ರುಸೇಡರುಗಳೂ ದಮಾಸ್ಕಸ್, ಹಿಮ್ಸ್‌ಗಳ ಮುಸ್ಲಿಂ ಪಡೆಗಳೂ ಒಂದೇ ಸಾಲಿನಲ್ಲಿ ನಿಂತು ಈಜಿಪ್ಟಿನ ಅಯ್ಯೂಬಿ ಸುಲ್ತಾನನ ಸೈನ್ಯ ಹಾಗೂ ಅದರ ಖ್ವಾರಝ್ಮಿ ಸವಾರರ ವಿರುದ್ಧ ಹೋರಾಡಿ ಸೋತರು. 1260ರಲ್ಲಿ ಮಮ್ಲೂಕರು ಮಂಗೋಲರನ್ನು ಎದುರಿಸಲು ಐನ್ ಜಾಲೂತ್‌ಗೆ ಹೊರಟಾಗ ಅಕ್ಕಾ ನಗರದ ಕ್ರುಸೇಡರುಗಳು ತಮ್ಮ ನೆಲದ ಮೂಲಕ ಅವರಿಗೆ ದಾರಿ ಬಿಟ್ಟರು. ಮಿತ್ರಪಡೆಗಳಿಗೆ ಜಾಗ ಕೊಡುವ ಪಟ್ಟಿ ಇಂಥ ಯುದ್ಧವನ್ನು ಆಡಗೊಡುತ್ತದೆ. ಧರ್ಮದ ಹೆಸರಿನಲ್ಲಿ ಎರಡೇ ಪಾಳೆಯ ಮಾಡಿದ ಪಟ್ಟಿ ಆಡಗೊಡುವುದಿಲ್ಲ. ಕೊಳ್ಳುವ ಮುನ್ನ ಪುಟ ತಿರುವಿ ನೋಡಬೇಕಾದ ಮೊದಲ ಸಂಗತಿ ಇದು.

ನಮ್ಮ ನೆಲದ ಪಟ್ಟಿ

ಭಾರತದ ಸೈನ್ಯಗಳೂ ಈ ಪುಸ್ತಕಗಳಲ್ಲಿ ಇವೆ. ‘ಡಿಬಿಎ’ ಎಂಬ ಪುಟ್ಟ ಆಟದಲ್ಲಿ ಒಂದು ಸೈನ್ಯವೆಂದರೆ ಹನ್ನೆರಡೇ ತುಕಡಿ. ಜಗತ್ತಿನ ನೂರಾರು ಸೈನ್ಯಗಳು ಒಂದೊಂದು ಪುಟ್ಟ ನಮೂದಿನಲ್ಲಿ ಮುಗಿಯುತ್ತವೆ. ಅದರಲ್ಲಿ ನಮ್ಮ ಮಧ್ಯಯುಗಕ್ಕೆ ‘ಹಿಂದೂ ಇಂಡಿಯನ್’, ‘ಲೇಟರ್ ಮುಸ್ಲಿಂ ಇಂಡಿಯನ್’ ಎಂಬ ತಲೆಬರಹಗಳಿವೆ. 1817ರಲ್ಲಿ ಜೇಮ್ಸ್ ಮಿಲ್ ಭಾರತದ ಚರಿತ್ರೆಯನ್ನು ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಹೋಳು ಮಾಡಿದ್ದು ನೆನಪಾಗುತ್ತದೆ.

ವಿಜಯನಗರದ ಎರಡನೆಯ ದೇವರಾಯ ಯಾವ ತಲೆಬರಹದ ಅಡಿಯಲ್ಲಿ ಬರಬೇಕು? ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲಾಳುಗಳನ್ನೂ ಸವಾರರನ್ನೂ ಅವನು ಸೇರಿಸಿಕೊಂಡನೆಂದೂ, ಅವರಿಗೆ ಮಸೀದಿ ಕಟ್ಟಿಸಿ, ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದನೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹಂಪಿಯಲ್ಲಿ ಆ ರಾಜನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅದರ ಶಾಸನ ಆ ಕಟ್ಟಡವನ್ನು ‘ಧರ್ಮಸಾಲೆ’ ಎಂದು ಕರೆಯುತ್ತದೆ. ಕಲ್ಲಿನ ಮೇಲೆ ಕೊರೆದವನಿಗೆ ಸಿಕ್ಕಿದ ಪದ ಪಟ್ಟಿ ಬರೆದವನಿಗೆ ಸಿಗಲಿಲ್ಲ. ‘ವಿಜಯನಗರ’, ‘ಬಹಮನಿ’ ಎಂದು ರಾಜ್ಯದ ಹೆಸರಿನಿಂದಲೇ ಕರೆದರೆ ಆಟಕ್ಕೆ ಯಾವ ನಷ್ಟವೂ ಇಲ್ಲ. ಫ್ರಾನ್ಸಿನ, ಇಂಗ್ಲೆಂಡಿನ ಸೈನ್ಯಗಳನ್ನು ಅವರು ಹಾಗೆಯೇ ತಾನೆ ಕರೆಯುವುದು?

ಬಾಳಿಕೆಯ ಲೆಕ್ಕ

ಇನ್ನು ದುಡ್ಡಿನ ಮಾತಿಗೆ ಬರೋಣ. ಸೇನಾಪಟ್ಟಿ ತನ್ನ ನಿಯಮಗಳಿಗೆ ಕಟ್ಟಿಹಾಕಿದ ಕರು. ಗೂಟ ಕಿತ್ತರೆ ಅದಕ್ಕೆ ನೆಲೆ ಇಲ್ಲ. ಇಂಗ್ಲೆಂಡಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1980ರ ದಶಕದ ಆರಂಭದಲ್ಲಿ ಸೇನಾಪಟ್ಟಿಗಳನ್ನು ಪ್ರಕಟಿಸಿತು. 1993ರಲ್ಲಿ ಅದರದೇ ಹೊಸ ಆಟ ‘ಡಿಬಿಎಂ’ ಬಂದಾಗ ನಾಲ್ಕು ಹೊಸ ಪಟ್ಟಿ ಪುಸ್ತಕಗಳು ಬೇಕಾದವು. 2007ರಲ್ಲಿ ‘ಡಿಬಿಎಂಎಂ’ ಬಂತು, ಮತ್ತೆ ಹೊಸ ಪಟ್ಟಿಗಳು. 1998ರ ‘ವಾರ್‌ಹ್ಯಾಮರ್ ಏನ್ಷಿಯಂಟ್ ಬ್ಯಾಟಲ್ಸ್’ಗೆ ಅಲೆಕ್ಸಾಂಡರ್, ಹ್ಯಾನಿಬಲ್ ಮುಂತಾಗಿ ಅಂದವಾದ ಸಂಪುಟಗಳು ಬಂದವು. 2012ರಲ್ಲಿ ಪ್ರಕಾಶಕರು ಆ ವಿಭಾಗವನ್ನೇ ಮುಚ್ಚಿದರು. 2018ರಲ್ಲಿ ‘ಸಾಗಾ’ದ ಹೊಸ ಆವೃತ್ತಿ ಬಂದಾಗ 2014ರ ಕ್ರುಸೇಡ್ ಪುಸ್ತಕವೂ ಹಳತಾಯಿತು. ಹೊಸ ಆವೃತ್ತಿಯ ಮೂಲ ನಿಯಮ ಪುಸ್ತಕದಲ್ಲಿ ಯಾವ ಸೈನ್ಯದ ವಿವರವೂ ಇಲ್ಲ. ಅದಕ್ಕೆ ಯುಗದ ಪುಸ್ತಕವನ್ನು ಬೇರೆಯಾಗಿ ಕೊಳ್ಳಲೇಬೇಕು. ಅಂಥ ಪುಸ್ತಕವನ್ನು ಪೂರಕ ಎನ್ನುವುದು ನ್ಯಾಯವಲ್ಲ. ಅದು ಬೆಲೆಯ ಎರಡನೆಯ ಕಂತು.

ಇದಕ್ಕೆ ಎದುರಾಗಿ ಇಡಬಹುದಾದ ಒಂದು ಪುಸ್ತಕವನ್ನು ಅದೇ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1978ರಲ್ಲಿ ಪ್ರಕಟಿಸಿತ್ತು. ಅದು ಇಯಾನ್ ಹೀತ್ ಬರೆದ ‘ಆರ್ಮೀಸ್ ಅಂಡ್ ಎನಿಮೀಸ್ ಆಫ್ ದಿ ಕ್ರುಸೇಡ್ಸ್’. ಅದರಲ್ಲಿ ಅಂಕವಿಲ್ಲ, ದಾಳವಿಲ್ಲ. ಸೈನ್ಯಗಳ ರಚನೆ, ಉಡುಪು, ಆಯುಧ, ಯುದ್ಧಗಳ ವಿವರ ಮತ್ತು ರೇಖಾಚಿತ್ರಗಳಿವೆ. ಆ ಕಾಲದ ನಿಯಮಗಳೆಲ್ಲ ಮೂಲೆ ಸೇರಿದರೂ ಆ ಪುಸ್ತಕವನ್ನು ಆಟಗಾರರು ಇಂದಿಗೂ ಹುಡುಕಿ ಓದುತ್ತಾರೆ. ಡೇವಿಡ್ ನಿಕೋಲ್ ಅವರ ‘ಸಲಾದಿನ್ ಅಂಡ್ ದಿ ಸಾರಸೆನ್ಸ್’ (1986) ಹೆಸರಿನಲ್ಲಿ ಅದೇ ಹಳೆಯ ದೋಷ ಹೊತ್ತಿದ್ದರೂ ಒಳಗೆ ಅರಬಿ ಆಕರಗಳ ಓದು ಇದೆ. 1993ರ ಅವರ ‘ಹಿತ್ತೀನ್ 1187’ ಒಂದೇ ಸಮರದ ಮೇಲೆ ಬರೆದ ಪುಸ್ತಕ.

ಈ ಕೊನೆಯದನ್ನು ಹೆಸರಿಸಲು ಕಾರಣವಿದೆ. ಹಿತ್ತೀನ್‌ನಲ್ಲಿ ಕ್ರುಸೇಡರುಗಳು ಸೋತದ್ದು ಪಟ್ಟಿಯಲ್ಲಿನ ಕೊರತೆಯಿಂದಲ್ಲ. ಸಫ್ಫೂರಿಯ್ಯಾದ ನೀರಿನ ಬುಗ್ಗೆಗಳನ್ನು ಬಿಟ್ಟು ಜುಲೈ ತಿಂಗಳ ಸುಡುಬಿಸಿಲಿನಲ್ಲಿ ಒಣಗುಡ್ಡಗಳ ಮೇಲೆ ನಡೆದುದರಿಂದ ಸೋತರು. ಸಲಾಹುದ್ದೀನನ ಪಡೆ ಅವರಿಗೆ ನೀರು ಸಿಗದಂತೆ ದಾರಿ ಕಟ್ಟಿತು, ಒಣಹುಲ್ಲಿಗೆ ಬೆಂಕಿ ಇಟ್ಟಿತು. ತನ್ನ ಬಿಲ್ಲಾಳುಗಳಿಗೆ ಒಂಟೆಗಳ ಮೇಲೆ ಬಾಣದ ಹೊರೆಗಳನ್ನು ರಣರಂಗಕ್ಕೇ ತರಿಸಿಕೊಟ್ಟಿತು. ಸಮಾನ ಅಂಕದ ಎರಡು ಸೈನ್ಯಗಳನ್ನು ಮೇಜಿನ ಮೇಲೆ ನಿಲ್ಲಿಸಿದಾಗ ಬಾಯಾರಿಕೆ ಎಲ್ಲಿಂದ ಬರಬೇಕು? ಪಟ್ಟಿ ಸೈನ್ಯವನ್ನು ಎಣಿಸಿಕೊಡುತ್ತದೆ. ಯುದ್ಧ ಏಕೆ ಹಾಗೆ ಮುಗಿಯಿತೆಂಬುದನ್ನು ಹೇಳಲು ನಕ್ಷೆ, ನೆಲ, ನೀರು, ದಿನಚರಿ ಇರುವ ಸಮರದ ಪುಸ್ತಕವೇ ಬೇಕು.

ನಮ್ಮ ತೀರ್ಪು

ಬರೀ ಅಂಕಗಳ ಕೋಷ್ಟಕ ತುಂಬಿದ ಪೂರಕ ಪುಸ್ತಕಕ್ಕೆ ದುಡ್ಡು ಹಾಕುವ ಅಗತ್ಯ ಇಂದು ಕಡಿಮೆ. ಫ್ರಾನ್ಸಿನ ‘ಲಾರ್ ದ ಲಾ ಗೇರ್’ ಎಂಬ ಆಟ ಮುನ್ನೂರರ ಸಮೀಪದ ಪಟ್ಟಿಗಳನ್ನು ನಿಯಮ ಪುಸ್ತಕದೊಳಗೇ ಕೊಟ್ಟಿದೆ. ಸ್ಪರ್ಧೆಗಳಿಗೆ ಹೋಗುವವನಿಗೆ ಮಾತ್ರ ಚಾಲ್ತಿಯಲ್ಲಿರುವ ಪಟ್ಟಿ ಅನಿವಾರ್ಯ. ಅವನು ತನ್ನ ಒಂದು ಸೈನ್ಯವಿರುವ ಒಂದು ಸಂಪುಟ ಕೊಂಡರೆ ಸಾಕು, ಸಾಲು ಸಾಲಾಗಿ ಕಪಾಟು ತುಂಬಬೇಕಿಲ್ಲ. ಗೆಳೆಯರೊಡನೆ ಮನೆಯಲ್ಲಿ ಆಡುವವನು ಮೊದಲು ಚರಿತ್ರೆಯ ಪುಸ್ತಕವನ್ನು ಕೊಳ್ಳಲಿ. ಅದನ್ನು ಓದಿದವನು ಪಟ್ಟಿಯನ್ನು ತಾನೇ ಬರೆದುಕೊಳ್ಳಬಲ್ಲ.

ಪೂರಕ ಪುಸ್ತಕವನ್ನು ಕೊಳ್ಳಲೇಬೇಕೆನಿಸಿದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಂಕಗಳನ್ನು ಅಳಿಸಿ ಹಾಕಿದರೆ ಓದಲು ಏನಾದರೂ ಉಳಿಯುತ್ತದೆಯೇ? ಎದುರಾಳಿಯ ಸೈನ್ಯಕ್ಕೂ ಅಷ್ಟೇ ಪುಟ, ಅಷ್ಟೇ ಶ್ರದ್ಧೆ ಸಿಕ್ಕಿದೆಯೇ? ಆ ಸೈನಿಕರು ಎದ್ದು ಬಂದರೆ ಪುಸ್ತಕದಲ್ಲಿರುವ ಹೆಸರಿಗೆ ಓಗೊಡುತ್ತಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಬೆಲೆ ಎಷ್ಟಾದರೂ ಕೊಂಡುಕೊಳ್ಳಿ. ಹರ್ಬಿಯ್ಯಾದಲ್ಲಿ ಒಂದೇ ಸಾಲಿನಲ್ಲಿ ನಿಂತು ಸತ್ತವರನ್ನು ಎಂಟು ಶತಮಾನಗಳ ಮೇಲೆ ಎರಡು ಪಾಳೆಯವಾಗಿ ಒಡೆಯುವ ಪುಸ್ತಕವನ್ನು ಮಾತ್ರ, ಬೆಲೆ ಎಷ್ಟೇ ಇಳಿದಿರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.