ಹದಿನೈದನೆಯ ಕಲಮಿನ ವ್ಯಾಖ್ಯಾನ

1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆಯ 15ನೆಯ ಕಲಂ ವಾರಂಟಿಲ್ಲದ ಝಡ್ತಿಯನ್ನು, ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆಯೇ ಮನೆ ಹೊಕ್ಕು ಶೋಧಿಸುವುದನ್ನು ಕುರಿತದ್ದು. ಹೊರರಾಜ್ಯದಿಂದಲೋ ಹೊರದೇಶದಿಂದಲೋ ಬಂದು ಲೈಂಗಿಕ ವೃತ್ತಿಯಲ್ಲಿರುವ ಹೆಂಗಸಿನ ಬಾಗಿಲನ್ನು ಪೊಲೀಸರಿಗೆ ತೆರೆದುಕೊಡುವುದು ಈ ಕಲಮೇ. ಇದರಲ್ಲಿ ಆಕೆಯನ್ನು ಉದ್ದೇಶಿಸಿದ ವಾಕ್ಯ ಒಂದೂ ಇಲ್ಲ. ಇರುವುವು ಬಹುಮಟ್ಟಿಗೆ ಅಧಿಕಾರಿಗೆ ವಿಧಿಸಿದ ಕಟ್ಟಳೆಗಳು. ಆಕೆಯ ಹಕ್ಕುಗಳು ಆ ಕಟ್ಟಳೆಗಳ ಒಡಲಲ್ಲೇ ಇರುವುದರಿಂದ ಒಂದೊಂದನ್ನೂ ಬಿಡಿಸಿ ಹೇಳಬೇಕಾಗಿದೆ.

ಮೊದಲ ಉಪಕಲಮಿನ ಕರ್ತೃ 'ವಿಶೇಷ ಪೊಲೀಸ್ ಅಧಿಕಾರಿ'. 13ನೆಯ ಕಲಮಿನ ಪ್ರಕಾರ ಈತ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವನಾಗಿರಕೂಡದು. ಬೀಟಿನ ಪೇದೆ ತಾನಾಗಿ ಬಾಗಿಲು ತಟ್ಟಿದರೆ ಅದು ಈ ಕಲಮಿನ ಝಡ್ತಿಯಲ್ಲ ಎಂದು ಇದರಿಂದ ಸಿದ್ಧವಾಗುತ್ತದೆ. ಆದ್ದರಿಂದ 'ಬಂದವರು ಯಾರು' ಎಂಬುದೇ ಆಕೆ ಕೇಳತಕ್ಕ ಮೊದಲ ಪ್ರಶ್ನೆ.

ಅಧಿಕಾರಿಗೆ ಎರಡು ನಂಬಿಕೆಗಳು ಬೇಕು: ಈ ಕಾಯ್ದೆಯಡಿ ಶಿಕ್ಷಾರ್ಹವಾದ ಅಪರಾಧ ನಡೆದಿದೆ ಅಥವಾ ನಡೆಯುತ್ತಿದೆ ಎಂಬುದೊಂದು, ವಾರಂಟು ತರುವಷ್ಟರಲ್ಲಿ ಅನುಚಿತ ವಿಳಂಬವಾದೀತು ಎಂಬುದಿನ್ನೊಂದು. ಇವೆರಡಕ್ಕೂ ಆಧಾರವನ್ನು ಒಳಹೊಗುವ ಮುನ್ನವೇ ಬರೆದಿಡಬೇಕು. 'ಅಪರಾಧ' ಎಂದರೇನು? ವೇಶ್ಯಾಗೃಹ ನಡೆಸುವುದು, ಅನ್ಯರ ಲೈಂಗಿಕ ವೃತ್ತಿಯ ಗಳಿಕೆಯಿಂದ ಜೀವಿಸುವುದು, ಹೆಣ್ಣನ್ನು ಈ ವೃತ್ತಿಗೆ ತರುವುದು, ಕೂಡಿಹಾಕುವುದು ಅಪರಾಧಗಳು. ಸಾರ್ವಜನಿಕ ಸ್ಥಳದ ಬಳಿ ವೃತ್ತಿ ನಡೆಸಿದರೆ, ಗಿರಾಕಿಗಳನ್ನು ಕರೆದರೆ 7 ಮತ್ತು 8ನೆಯ ಕಲಮುಗಳು ಆಕೆಯನ್ನೇ ಶಿಕ್ಷಿಸುತ್ತವೆ. ಆದರೆ ವಯಸ್ಕಳು ಸ್ವಂತ ಇಚ್ಛೆಯಿಂದ ಲೈಂಗಿಕ ವೃತ್ತಿಯಲ್ಲಿರುವುದನ್ನೇ ಅಪರಾಧವೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ.

ಎರಡನೆಯ ಉಪಕಲಂ ಪಂಚರನ್ನು ಕುರಿತದ್ದು. ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥ ನಿವಾಸಿಗಳು ಸಾಕ್ಷಿಗಳಾಗಿರಬೇಕು. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಈ ಹೆಂಗಸು ಮಾತ್ರ ಬೇರೆ ಪ್ರದೇಶದವಳಾದರೂ ಸಲ್ಲುತ್ತದೆ. ಪರವೂರಿನಿಂದ ಬಂದವಳಿಗೆ ಅಲ್ಲಿ ತನ್ನವರೆಂಬುವವರಿಲ್ಲ. ಪೊಲೀಸರಲ್ಲದ ಕಣ್ಣೊಂದು ಅಲ್ಲಿರುವುದು ಈ ವಿಧಿಯಿಂದಲೇ. ಮೂರನೆಯದು, ಕರೆದರೂ ಬಾರದ ಪಂಚರ ಶಿಕ್ಷೆಗೆ ಸಂಬಂಧಿಸಿದ್ದು, ವಿಸ್ತಾರ ಬೇಡ.

ನಾಲ್ಕನೆಯದು ಕಲಮಿನ ಮರ್ಮಸ್ಥಾನ: ಅಲ್ಲಿ ಕಂಡವರನ್ನೆಲ್ಲ ಹೊರಗೊಯ್ಯಲು ಅಧಿಕಾರಿ ಅರ್ಹನು. 'ಎಲ್ಲ' ಎಂಬುದು ಬಲವಂತಕ್ಕೆ ಸಿಕ್ಕವಳನ್ನೂ ಇಚ್ಛೆಯಿಂದ ಇದ್ದವಳನ್ನೂ ಬೇರ್ಪಡಿಸದು. ಇಲ್ಲಿ ಶಂಕೆ: ಅಪರಾಧಿಯಲ್ಲದವಳನ್ನು ಒಯ್ಯುವುದೇಕೆ? ಸಮಾಧಾನ: ಇದು ರಕ್ಷಣೆಯೆಂದು ಕಾಯ್ದೆಯ ಭಾವನೆ. ಆದರೆ ಒಯ್ಯಲ್ಪಡುವವಳಿಗೆ ರಕ್ಷಣೆಗೂ ಬಂಧನಕ್ಕೂ ಭೇದ ಕಾಣುವುದಿಲ್ಲ. ದಾಳಿಯಲ್ಲಿ ಲೈಂಗಿಕ ಕಾರ್ಮಿಕರನ್ನು ಬಂಧಿಸಬಾರದು, ಪೀಡಿಸಬಾರದು ಎಂದು ಸುಪ್ರೀಂ ಕೋರ್ಟು ನೇಮಿಸಿದ ಸಮಿತಿಯೇ ಹೇಳಿತ್ತು. ಕೇಂದ್ರ ಸರ್ಕಾರ ಆಕ್ಷೇಪವೆತ್ತಿದ್ದರಿಂದ, ಕೋರ್ಟಿನ 2022ರ ಮೇ 19ರ ಆದೇಶ ಕಡ್ಡಾಯಗೊಳಿಸಿದ ಶಿಫಾರಸುಗಳಲ್ಲಿ ಇದು ಸೇರಲಿಲ್ಲ.

ಐದನೆಯದರಲ್ಲಿ 'ಕೂಡಲೇ' ಎಂಬುದು ಮುಖ್ಯ: ಒಯ್ದವರನ್ನು ಕೂಡಲೇ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಯಲ್ಲಿ ಕೂರಿಸಿಕೊಳ್ಳುವುದಕ್ಕೆ ಇಲ್ಲಿ ಎಡೆಯಿಲ್ಲ. ಅಲ್ಲಿಂದ ಮುಂದೆ 17ನೆಯ ಕಲಂ ವಿಚಾರಣೆಯ ಅವಧಿಯ ವಶವನ್ನು ಮೂರು ವಾರಕ್ಕೆ ಮಿತಗೊಳಿಸಿದೆ. ವಿಚಾರಣೆಯ ಬಳಿಕ ಒಂದರಿಂದ ಮೂರು ವರ್ಷ ಸಂರಕ್ಷಣಾ ಗೃಹಕ್ಕೆ ಕಳಿಸಲೂ ಬಿಟ್ಟಿದೆ. ವಯಸ್ಕಳನ್ನು ಆಕೆಯ ಒಪ್ಪಿಗೆಯಿಲ್ಲದೆ ಹೀಗೆ ಇರಿಸಿಕೊಳ್ಳಲಾಗದು ಎಂದು ಬಾಂಬೆ ಹೈಕೋರ್ಟು 2020ರಲ್ಲಿ ಮೂವರು ಯುವತಿಯರನ್ನು ಬಿಡುಗಡೆ ಮಾಡಿತು. ಮತ್ತೆ 15ನೆಯ ಕಲಮಿಗೆ ಬಂದರೆ, ಅದರ 5ಎ ಉಪಕಲಂ ವೈದ್ಯಕೀಯ ಪರೀಕ್ಷೆಯನ್ನು ಹೇಳುತ್ತದೆ: ವಯಸ್ಸು, ಲೈಂಗಿಕ ದೌರ್ಜನ್ಯದ ಗಾಯ, ಲೈಂಗಿಕ ರೋಗ ಎಂಬ ಮೂರಕ್ಕಾಗಿ. ಎಚ್‌ಐವಿ ಪರೀಕ್ಷೆಗಾದರೋ, ನ್ಯಾಯಾಲಯದ ಆದೇಶದಂಥ ಅಪವಾದಗಳನ್ನುಳಿದು, ತಿಳಿದು ಕೊಟ್ಟ ಒಪ್ಪಿಗೆ ಬೇಕೆಂದು 2017ರ ಎಚ್‌ಐವಿ ಕಾಯ್ದೆಯ ವಿಧಿ.

6ಎ: ದಾಳಿಯ ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸ್ ಅಧಿಕಾರಿಗಳಿರಬೇಕು, ಪ್ರಶ್ನಿಸುವವರೂ ಮಹಿಳಾ ಅಧಿಕಾರಿಯೇ ಆಗಿರಬೇಕು. ಅವರು ದೊರೆಯದಿದ್ದರೆ ಮಾನ್ಯತೆ ಪಡೆದ ಕಲ್ಯಾಣ ಸಂಸ್ಥೆಯ ಮಹಿಳಾ ಸದಸ್ಯರ ಎದುರಿನಲ್ಲಷ್ಟೇ ಪ್ರಶ್ನಿಸಬೇಕು. ಯಾವ ಭಾಷೆಯಲ್ಲಿ? ಕಲಂ ಮೌನವಾಗಿದೆ. ಸಾಂಗ್ಲಿ–ಮೀರಜದಲ್ಲಿ ವೃತ್ತಿ ಮಾಡುವ ಬೆಳಗಾವಿ ಸೀಮೆಯ ಕನ್ನಡದ ಹೆಂಗಸಿಗೂ ಬೆಂಗಳೂರಿನಲ್ಲಿರುವ ಬಂಗಾಳಿ ಹೆಂಗಸಿಗೂ ಈ ಮೌನದ ಭಾರ ಒಂದೇ. ಸಂವಿಧಾನದ 22ನೆಯ ವಿಧಿ ಆ ಕೊರತೆಯನ್ನು ಕೆಲಮಟ್ಟಿಗೆ ನೀಗುತ್ತದೆ: ದಸ್ತಗಿರಿ ಮಾಡಿದರೆ ಕಾರಣವನ್ನು ಆಕೆಗೆ ಅರ್ಥವಾಗುವಂತೆ ತಿಳಿಸಬೇಕು, ವಕೀಲರನ್ನು ಕಾಣಗೊಡಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣಾಗಿರುವುದೊಂದೇ ಉಚಿತ ವಕೀಲರಿಗೆ ಸಾಕಾದ ಅರ್ಹತೆ.

ಹೊರದೇಶದವಳ ವಿಷಯವನ್ನು ಕಲಂ ಎತ್ತಿಲ್ಲ. ನೇಪಾಳದವಳಿಗೆ ಇಲ್ಲಿರಲು ವೀಸಾ ಬೇಕಿಲ್ಲ. ಕಾಗದಪತ್ರವಿಲ್ಲದ ಬಾಂಗ್ಲಾದೇಶದವಳ ಮೇಲೆ ವಿದೇಶಿಯರ ಕಾನೂನಿನ ಮೊಕದ್ದಮೆಯೂ ಬೀಳಬಹುದು. ತನಿಖೆಯಿಂದ ಸಾಗಾಣಿಕೆಗೆ ಬಲಿಯಾದವಳೆಂದು ಕಂಡುಬಂದರೆ ಹಾಗೆ ಮೊಕದ್ದಮೆ ಹೂಡಬಾರದು ಎಂದು ಗೃಹ ಸಚಿವಾಲಯ 2012ರಲ್ಲಿ ಸಲಹೆಯಿತ್ತಿತು. ಇಚ್ಛೆಯಿಂದ ಬಂದವಳಿಗೆ ಆ ಸಲಹೆಯ ಆಸರೆಯಿಲ್ಲ. ಆದರೆ ಸಂವಿಧಾನದ 21 ಮತ್ತು 22ನೆಯ ವಿಧಿಗಳು 'ನಾಗರಿಕ' ಎನ್ನದೆ 'ವ್ಯಕ್ತಿ' ಎನ್ನುವುದರಿಂದ ಅವು ಆಕೆಗೂ ಅನ್ವಯಿಸುತ್ತವೆ.

ಏಳನೆಯದು ಸಾಮಾನ್ಯ ದಂಡಪ್ರಕ್ರಿಯೆಯ ಝಡ್ತಿ ನಿಯಮಗಳನ್ನು ಇಲ್ಲಿಗೆ ತರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನಂತೆ ಝಡ್ತಿಯನ್ನು ವಿಡಿಯೊದಲ್ಲಿ ದಾಖಲಿಸಬೇಕು. ಅದು ನ್ಯಾಯಾಲಯಕ್ಕಾಗಿ; ದಾಳಿಯಲ್ಲಿ ಸಿಕ್ಕವರ ಗುರುತು ಪತ್ರಿಕೆ, ಟಿವಿಗಳಲ್ಲಿ ಬಯಲಾಗಬಾರದು, ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಬಗೆಯಬಾರದು ಎಂಬಿವು 2022ರ ಆದೇಶದಲ್ಲಿ ಕಡ್ಡಾಯವಾದವು.

ಕೊನೆಗೆ ಉಳಿಸಿಕೊಂಡದ್ದು ಆರನೆಯದು: ಝಡ್ತಿಗಾಗಿ 'ಕಾನೂನುಬದ್ಧವಾಗಿ' ಮಾಡಿದ್ದಕ್ಕೆ ಅಧಿಕಾರಿಯ ಮೇಲೆ ದಾವೆಯಿಲ್ಲ. ಮೇಲಿನ ಕಟ್ಟಳೆಗಳನ್ನು ಪಾಲಿಸಿದವನಿಗೆ ಮಾತ್ರ ಈ ಅಭಯವೆಂದು ತಾತ್ಪರ್ಯ. ಹಾಗೆಂದು ಲೋಪವೊಂದರಿಂದಲೇ ಮೊಕದ್ದಮೆ ಬಿದ್ದುಹೋಗುವುದಿಲ್ಲ. ಅದರಿಂದ ಆರೋಪಿಗೆ ಅನ್ಯಾಯವಾಗಿರಬೇಕೆಂದು ಸುಪ್ರೀಂ ಕೋರ್ಟು ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದೆ. ಆದ್ದರಿಂದ ಪಂಚರಲ್ಲಿ ಹೆಂಗಸಿರಲಿಲ್ಲ, ಮಹಿಳಾ ಪೊಲೀಸರು ಬರಲಿಲ್ಲ, ಕೇಳಿದ ಪ್ರಶ್ನೆ ಅರ್ಥವಾಗಲಿಲ್ಲ ಎಂಬುದನ್ನು ಮ್ಯಾಜಿಸ್ಟ್ರೇಟರ ಮುಂದೆ ಮೊದಲ ದಿನವೇ ಹೇಳಿ ಬರೆಸಬೇಕು. ಬರೆಸದೆ ಬಿಟ್ಟ ಲೋಪವನ್ನು ಮುಂದೆ ಸಾಧಿಸುವುದು ಕಷ್ಟ.