ಚಾಕು ಹಿಡಿದ ಕೈ

ಮಿಖಾಯಿಲ್ ಬುಲ್ಗಾಕೋವ್ ‘ನಾಯಿಯ ಹೃದಯ’ ಎಂಬ ವಿಡಂಬನೆಯ ಕಿರುಕಾದಂಬರಿ ಬರೆದದ್ದು 1925ರಲ್ಲಿ. ಮರುವರ್ಷ ಸೋವಿಯತ್ ರಹಸ್ಯ ಪೊಲೀಸರು ಅವನ ಮನೆ ಹೊಕ್ಕು ಹಸ್ತಪ್ರತಿ ಹೊತ್ತೊಯ್ದರು. ಅವನ ದೇಶದಲ್ಲಿ ಅದು ಅಚ್ಚಾದದ್ದು 1987ರಲ್ಲಿ. 1988ರಲ್ಲಿ ವ್ಲಾದಿಮಿರ್ ಬೊರ್ತ್ಕೊ ಅದನ್ನು ಎರಡು ಭಾಗಗಳ ಟೆಲಿವಿಷನ್ ಸಿನಿಮಾ ಮಾಡಿದ. ಪ್ರಭುತ್ವಕ್ಕೆ ಅಂಜದೆ ಬರೆದ ಲೇಖಕನಿಗೆ ಗೌರವ ಸಲ್ಲಿಸಿಯೇ ಈ ಸಿನಿಮಾದ ಜೊತೆ ನನ್ನ ಜಗಳ.

ಕಥೆ ಇಷ್ಟು. ಮಾಸ್ಕೋದ ಹಿಮಗಾಳಿಯಲ್ಲಿ ಒಂದು ಬೀದಿನಾಯಿ. ಕ್ಯಾಂಟೀನಿನ ಅಡಿಗೆಯವನು ಕುದಿನೀರು ಎರಚಿ ಅದರ ಪಕ್ಕೆ ಬೆಂದಿದೆ. ಮುದುಕರಿಗೆ ಯೌವನ ತಂದುಕೊಡುವ ದೊಡ್ಡ ವೈದ್ಯ ಪ್ರೊಫೆಸರ್ ಪ್ರಿಯೊಬ್ರಜೆನ್‌ಸ್ಕಿ ತಿನ್ನೋ ಆಸೆ ತೋರಿಸಿ ಅದನ್ನು ತನ್ನ ಏಳು ಕೋಣೆಗಳ ಮನೆಗೆ ಕರೆದೊಯ್ಯುತ್ತಾನೆ. ಹೆಂಡದಂಗಡಿಗಳಲ್ಲಿ ಬಾಲಲೈಕಾ ಬಾರಿಸಿಕೊಂಡಿದ್ದ, ಕಳ್ಳತನವನ್ನೂ ಮಾಡಿದ್ದ ಕ್ಲಿಮ್ ಎಂಬ ಯುವಕ ಚೂರಿ ಇರಿತಕ್ಕೆ ಸತ್ತಿರುತ್ತಾನೆ. ಅವನ ಗ್ರಂಥಿಗಳನ್ನು ತೆಗೆದು ನಾಯಿಗೆ ಕೂಡಿಸುತ್ತಾರೆ. ನಾಯಿ ಮನುಷ್ಯನಾಗಿ ಶಾರಿಕೋವ್ ಅನ್ನಿಸಿಕೊಳ್ಳುತ್ತದೆ. ಅವನು ಕುಡೀತಾನೆ, ಬೈತಾನೆ, ಬೀದಿಬೆಕ್ಕು ಹಿಡಿಯೋ ಇಲಾಖೆಯ ಅಧಿಕಾರಿಯಾಗ್ತಾನೆ, ಪ್ರೊಫೆಸರನ ಮೇಲೇ ದೂರು ಬರೀತಾನೆ, ಪಿಸ್ತೂಲು ತೆಗೀತಾನೆ. ಕೊನೆಗೆ ಅವನನ್ನು ಹಿಡಿದು ಮತ್ತೆ ಕೊಯ್ದು ನಾಯಿ ಮಾಡಿಬಿಡುತ್ತಾರೆ. ನೋಡುವವರು ‘ಸದ್ಯ, ಪೀಡೆ ಕಳೀತು’ ಅಂತ ನಿಟ್ಟುಸಿರು ಬಿಡುತ್ತಾರೆ.

ನನ್ನ ತಕರಾರು ಈ ನಿಟ್ಟುಸಿರಿನ ಮೇಲೆ. ಹಳೇ ಫೋಟೋದ ಕಂದುಬಣ್ಣದಲ್ಲಿ ತೆಗೆದ ಈ ಸಿನಿಮಾಕ್ಕೆ ಪ್ರೊಫೆಸರನ ಮೇಲೆ ಅಪಾರ ಪ್ರೀತಿ. ಯೆವ್‌ಸ್ತಿಗ್ನೀವ್ ಎಂಬ ಮಹಾನಟ ಆ ಪಾತ್ರ ಮಾಡಿದ್ದಾನೆ. ಅವನ ಬೈಗುಳವೂ ಜಾಣ್ಮೆಯಂತೆ ಕೇಳಿಸುತ್ತದೆ. ಅಲ್ಮಾ-ಅತಾದ ರಂಗಭೂಮಿಯಿಂದ ಬಂದ ತೊಲೊಕೊನ್ನಿಕೋವ್ ಶಾರಿಕೋವನಾಗಿ ಅಷ್ಟೇ ಚೆನ್ನಾಗಿ ಮಾಡಿದ್ದಾನೆ. ಆದರೆ ಅವನ ಕೈಗೆ ಬಾಲಲೈಕಾ ಕೊಟ್ಟು, ವೈದ್ಯರ ಸಭೆಯ ಮುಂದೆ ನಿಲ್ಲಿಸಿ, ಸಿನಿಮಾ ಅವನನ್ನು ಪ್ರದರ್ಶನದ ವಸ್ತು ಮಾಡುತ್ತದೆ. ರಷ್ಯದಲ್ಲಿ ಇವತ್ತು ‘ಶಾರಿಕೋವ್’ ಅನ್ನೋದು ಬೈಗುಳ. ಕೆಳಗಿನಿಂದ ಮೇಲೆ ಬಂದು, ಬಂದ ಜಾಗಕ್ಕೆ ತಕ್ಕವನಲ್ಲ ಅನ್ನಿಸಿಕೊಂಡವನಿಗೆ ಅಂಟಿಸುವ ಹೆಸರು.

ಪುಸ್ತಕ ಬೇರೆಯದೇ ಸಾಕ್ಷಿ ಹೇಳುತ್ತದೆ. ಆ ನಾಯಿ ಅಕ್ಷರ ಕಲಿತದ್ದು ಬೀದಿಯ ಬೋರ್ಡು ನೋಡಿ. ಮೀನಿನಂಗಡಿ ಬೋರ್ಡಿನ ಮೊದಲ ಅಕ್ಷರದ ಬಳಿ ಪೊಲೀಸು ನಿಂತಿರುತ್ತಿದ್ದ. ಅದಕ್ಕೇ ಅದು ಕೊನೆಯಿಂದ ಓದಿತು. ಮನುಷ್ಯನಾದ ಮೇಲೆ ಅವನ ಬಾಯಿಂದ ಬರುವ ಮೊದಲ ಪದ ಆ ತಿರುಗುಮುರುಗಾದ ಬೋರ್ಡೇ. ಎಲ್ಲರೂ ನಗುತ್ತಾರೆ. ಮನೆತನದಲ್ಲೇ ಮೊದಲು ಅಕ್ಷರ ಕಂಡ ನಮ್ಮಂಥವರಿಗೆ ಅಲ್ಲಿ ನಗು ಬರೋದಿಲ್ಲ.

ಇನ್ನೊಂದು ನೋಡಿ. ಏಳು ಕೋಣೆ ಸಾಲದು, ಲೈಬ್ರರಿಗೆ ಎಂಟನೆಯದು ಬೇಕು ಅನ್ನುತ್ತಾನೆ ಪ್ರೊಫೆಸರ್. ಕೋಣೆ ಬಿಟ್ಟುಕೊಡಿ ಅಂತ ಮನೆಗಳ ಸಮಿತಿಯವರು ಬಂದರೆ ದೊಡ್ಡ ಅಧಿಕಾರಿಗೆ ಒಂದು ಫೋನು ಮಾಡಿ ಬಾಯಿ ಮುಚ್ಚಿಸುತ್ತಾನೆ. ಆಳುವವರನ್ನು ಆಡಿಕೊಳ್ಳುವ ಈತ ಬದುಕುವುದು ಅವರ ನೆರಳಲ್ಲೇ. ಅದೇ ಮನುಷ್ಯ, ಶಾರಿಕೋವ್ ಏಂಗೆಲ್ಸ್-ಕೌಟ್‌ಸ್ಕಿ ಪತ್ರಗಳನ್ನು ಓದುತ್ತಿದ್ದಾನೆ ಅಂತ ಗೊತ್ತಾದಾಗ, ಆ ಪುಸ್ತಕವನ್ನು ಒಲೆಗೆ ಹಾಕಿಸುತ್ತಾನೆ. ತನಗೆ ಲೈಬ್ರರಿ, ಅವನಿಗೆ ಒಲೆ! ಶಾರಿಕೋವ್ ಅಪ್ಪ ಅಂತ ಕರೆದರೆ ಸಿಡಿದು ಬೀಳುತ್ತಾನೆ. ನನ್ನನ್ನು ಕೊಯ್ಯಿರಿ ಅಂತ ನಾನು ಕೇಳಿದ್ದೆನೇ ಎಂಬ ಅವನ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರ ಇಲ್ಲ.

ಹಾಗಾದರೆ ಶಾರಿಕೋವ್ ನಮ್ಮವನೇ? ಅಲ್ಲ. ನಾಯಿಯಾಗಿದ್ದಾಗ ಕಡಿಮೆ ಸಂಬಳದ ಒಬ್ಬ ಟೈಪಿಸ್ಟ್ ಹುಡುಗಿಯ ಕಷ್ಟ ಕಂಡು ಮರುಗಿದ್ದ ಜೀವ ಅದು. ಅಧಿಕಾರಿಯಾದ ಮೇಲೆ ಅಂಥದೇ ಟೈಪಿಸ್ಟಿಗೆ ಸುಳ್ಳು ಹೇಳಿ ಮದುವೆಗೆ ಒಪ್ಪಿಸುತ್ತಾನೆ, ಕೆಲಸದಿಂದ ತೆಗೀತೀನಿ ಅಂತ ಹೆದರಿಸುತ್ತಾನೆ. ಇದನ್ನು ಕ್ಷಮಿಸೋಕಾಗೋದಿಲ್ಲ. ಆದರೆ ಆ ಮರುಕ ಎಲ್ಲಿ ಹೋಯಿತು? ಪ್ರೊಫೆಸರನ ಪ್ರಕಾರ ತಪ್ಪು ನಾಯಿಯದಲ್ಲ, ಕ್ಲಿಮನ ಹೃದಯದ್ದು. ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ ಅಂತ ನಮ್ಮೂರ ಜಗುಲಿ ಮೇಲೆ ಕೂತವರು ಹೇಳೋದೂ ಇದನ್ನೇ. ವಿಚಿತ್ರವೆಂದರೆ, ಯಾವ ಹೆಂಗಸಾದರೂ ಮಹಾಪುರುಷನನ್ನು ಹೆರಬಲ್ಲಳು ಅಂತ ಲೊಮೊನೊಸೋವನ ಹೆಸರು ಹೇಳುವವನೂ ಇದೇ ಪ್ರೊಫೆಸರ್. ಆ ಲೊಮೊನೊಸೋವ್ ಮೀನುಗಾರನ ಮಗ. ಪ್ರೊಫೆಸರನ ವಾದಕ್ಕೆ ಅವನ ಬಾಯೇ ಎದುರು ಸಾಕ್ಷಿ.

ಶಾರಿಕೋವ್ ಕ್ರೌರ್ಯ ಕಲಿತದ್ದು ರಕ್ತದಿಂದಲ್ಲ ಅಂತ ನಾನು ಓದಿಕೊಳ್ಳುತ್ತೇನೆ. ಅಪ್ಪಣೆ ಮಾಡೋದನ್ನು ಏಳು ಕೋಣೆಯ ಮನೆಯಲ್ಲಿ ಕಂಡ. ಹೆದರಿಸೋದನ್ನು ಕಚೇರಿಯಲ್ಲಿ ಕಲಿತ. ಅವನಿಗೆ ಕಾಗದಪತ್ರ ಕೊಡಿಸಿದ ಸಮಿತಿಯ ಶ್ವೋಂದರನೂ ಅವನನ್ನು ಪ್ರೊಫೆಸರನಿಗೆ ಹೊಡೆಯುವ ಕೋಲು ಮಾಡಿಕೊಂಡ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನಗೇನು ಬೇಕಪ್ಪ ಅಂತ ಯಾರೂ ಕೇಳಲಿಲ್ಲ. ಸಂಘಟನೆ ಕಟ್ಟುವ ನಾವು ಪ್ರೊಫೆಸರನನ್ನು ಬೈದಷ್ಟೇ ಶ್ವೋಂದರನನ್ನೂ ನೆನಪಿಟ್ಟುಕೊಳ್ಳಬೇಕು.

ಪುಸ್ತಕದ ಕೊನೆಯಲ್ಲಿ ನಾಯಿ ಬೆಚ್ಚಗೆ ಮಲಗಿದೆ, ತನ್ನ ಅದೃಷ್ಟಕ್ಕೆ ಹಿಗ್ಗುತ್ತಿದೆ. ಪ್ರೊಫೆಸರ್ ಕೈಗವಸು ತೊಟ್ಟು ಮತ್ತೆ ಮಿದುಳುಗಳನ್ನು ತಡಕುತ್ತಿದ್ದಾನೆ. ಗೆಳೆಯರೇ, ಈ ಸಿನಿಮಾ ಸಿಕ್ಕರೆ ನೋಡಿ, ನಗು ಬಂದರೆ ನಗಿ. ಶಾರಿಕೋವ್ ಎಷ್ಟು ಹೊಲಸು ಅಂತ ಅದು ಚೆನ್ನಾಗಿ ತೋರಿಸುತ್ತದೆ. ಚಾಕು ಹಿಡಿದ ಕೈಯನ್ನು ಮಾತ್ರ ನೀವೇ ಹುಡುಕಿ ನೋಡಬೇಕು.